ಪರರು ಇಟ್ಟ ಹೆಸರುಗಳು

ಇಂದು ನಾವು ಗೌರವದಿಂದ ಹೊತ್ತಿರುವ ಹೆಸರುಗಳಲ್ಲಿ ಕೆಲವು ಮೊದಲು ಪರರ ಬಾಯಲ್ಲಿ ಹುಟ್ಟಿದವು. ಆದಿಸಭೆಯವರು ತಮ್ಮನ್ನು ಸಹೋದರರು, ದೇವಜನರು, ಈ ಮಾರ್ಗದವರು ಎಂದುಕೊಳ್ಳುತ್ತಿದ್ದರು. 'ಕ್ರೈಸ್ತ' ಎಂಬುದು ಹೊಸ ಒಡಂಬಡಿಕೆಯಲ್ಲಿ ಮೂರೇ ಬಾರಿ ಬರುತ್ತದೆ: ಅಂತಿಯೋಕ್ಯದಲ್ಲಿ ಶಿಷ್ಯರಿಗೆ ಆ ಹೆಸರು ಬಂದಾಗ (ಅ.ಕೃ. 11:26), ಅಗ್ರಿಪ್ಪರಾಜನ ಮಾತಿನಲ್ಲಿ (26:28), ಬಾಧೆಗೆ ಕಾರಣವಾದ ಹೆಸರಾಗಿ ಪೇತ್ರನ ಪತ್ರಿಕೆಯಲ್ಲಿ (1 ಪೇತ್ರ 4:16). 'ಕ್ರಿಸ್ತನ ಪಕ್ಷದವರು' ಎಂಬರ್ಥದ ಈ ಪದವನ್ನು ಹೊರಗಿನವರೇ ಇಟ್ಟಿರಬೇಕು. ಪೇತ್ರನಾದರೋ ಅದಕ್ಕೆ ನಾಚಬೇಡಿರೆಂದು ಬೋಧಿಸಿದನು.

ಮುಂದೆ ಕ್ರೈಸ್ತರೇ ಕ್ರೈಸ್ತರನ್ನು ಅಣಕಿಸಿದರು. ದೇವರ ವಾಕ್ಯಕ್ಕೆ ನಡುಗಿರೆಂದ ಜಾರ್ಜ್ ಫಾಕ್ಸನನ್ನೂ ಅವನ ಸಂಗಡಿಗರನ್ನೂ 1650ರಲ್ಲಿ ಡರ್ಬಿಯ ನ್ಯಾಯಾಧಿಪತಿಯೊಬ್ಬನು 'ಕ್ವೇಕರ್', ಅಂದರೆ ನಡುಗುವವರು, ಎಂದು ಹೀಯಾಳಿಸಿದನು. ಆಕ್ಸ್‌ಫರ್ಡಿನಲ್ಲಿ ಕ್ರಮಬದ್ಧವಾಗಿ ಪ್ರಾರ್ಥಿಸಿ ಸೆರೆಯಾಳುಗಳನ್ನು ಸಂದರ್ಶಿಸುತ್ತಿದ್ದ ವೆಸ್ಲಿ ಸಹೋದರರ ಗುಂಪಿಗೆ 'ಮೆಥಡಿಸ್ಟ್' ಎಂಬ ಗೇಲಿಯ ಹೆಸರು ಅಂಟಿತು. 1742ರಲ್ಲಿ ಜಾನ್ ವೆಸ್ಲಿಯು ಆ ಹೆಸರನ್ನೇ ಸ್ವೀಕರಿಸಿ, ನಿಜವಾದ ಮೆಥಡಿಸ್ಟನ ಲಕ್ಷಣವನ್ನು ವಿವರಿಸುವ ಕಿರುಹೊತ್ತಗೆಯನ್ನು ಪ್ರಕಟಿಸಿದನು.

ಹೊತ್ತವರ ಬಾಳುವೆಯಿಂದ ಈ ಹೆಸರುಗಳಿಗೆ ಘನತೆ ಬಂದಿತು; ಇಟ್ಟವರ ತಿರಸ್ಕಾರವಾದರೋ ತಿರಸ್ಕಾರವಾಗಿಯೇ ಉಳಿಯಿತು. ಅನ್ಯಸಭೆಯವರನ್ನೂ ಅನ್ಯಧರ್ಮೀಯರನ್ನೂ ನಮ್ಮನಮ್ಮಲ್ಲಿ ಮಾತಾಡುವಾಗ ನಾವು ಏನೆಂದು ಕರೆಯುತ್ತೇವೆ? ಪ್ರಸಂಗಪೀಠವನ್ನೇರುವ ಮುನ್ನ ನಾವು ಇದನ್ನು ಪರೀಕ್ಷಿಸಿಕೊಳ್ಳತಕ್ಕದ್ದು.