ನಿಮ್ಮ ಹೆಸರಲ್ಲಿ ಬೇರೆಯವರು ಸಾಲ ತಗೊಂಡಿದ್ದಾರಾ? ಹೀಗೆ ಚೆಕ್ ಮಾಡಿ

ಒಟಿಪಿ ಯಾರಿಗೂ ಹೇಳಬೇಡಿ ಅನ್ನೋದು ಈಗ ಎಲ್ಲರಿಗೂ ಗೊತ್ತು. ಆದರೆ ನಿಮ್ಮನ್ನ ಏನೂ ಕೇಳದೆಯೇ ಆಗುವ ವಂಚನೆಗಳೂ ಇವೆ. ನಿಮ್ಮ ಆಧಾರ್, ಪ್ಯಾನ್ ನಕಲು ಬಳಸಿ ಯಾರೋ ಸಾಲ ಎತ್ತುತ್ತಾರೆ, ಕಂತು ಕಟ್ಟೋದಿಲ್ಲ. ನಿಮಗೆ ಗೊತ್ತಾಗೋದು ರಿಕವರಿಯವರು ಫೋನ್ ಮಾಡಿದಾಗ. ಇಲ್ಲವೇ ಅಂಗಡಿಗೆ ಲೋನ್ ಕೇಳೋಕೆ ಹೋದಾಗ ಮ್ಯಾನೇಜರ್ 'ನಿಮ್ಮ ಸಿಬಿಲ್ ಸರಿ ಇಲ್ಲ' ಅಂದಾಗ.

ಎಲ್ಲರೂ ಸಿಬಿಲ್ ಅಂತಾರೆ. ಆದರೆ ನಮ್ಮ ಸಾಲದ ಲೆಕ್ಕ ಇಡುವ ಕಂಪನಿಗಳು ನಾಲ್ಕಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಆರ್‌ಬಿಐ ನಿಯಮದಂತೆ ಪ್ರತಿ ಕಂಪನಿಯೂ ವರ್ಷಕ್ಕೆ ಒಂದು ಪೂರ್ತಿ ಕ್ರೆಡಿಟ್ ರಿಪೋರ್ಟ್ ಉಚಿತವಾಗಿ ಕೊಡಲೇಬೇಕು. ಮೂರು ತಿಂಗಳಿಗೊಂದು ಕಂಪನಿಯಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟ ಹಾಗಾಗುತ್ತೆ, ಒಂದು ರೂಪಾಯಿ ಖರ್ಚಿಲ್ಲ. ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲೇ ತೆಗೆಯಿರಿ. ದುಡ್ಡಿನ ಪ್ಲಾನ್ ತೋರಿಸ್ತಾರೆ, ಅದು ಬೇಕಿಲ್ಲ. ನಮ್ಮ ರಿಪೋರ್ಟ್ ನಾವೇ ನೋಡಿದರೆ ಸ್ಕೋರ್ ಕಮ್ಮಿ ಆಗುತ್ತೆ ಅನ್ನೋದು ಬರೀ ಸುಳ್ಳು.

ರಿಪೋರ್ಟ್‌ನಲ್ಲಿ ಎಲ್ಲರೂ ಸ್ಕೋರ್ ನೋಡಿ ಮುಚ್ಚಿಬಿಡ್ತಾರೆ. ನೋಡಬೇಕಾದ್ದು ಎರಡು ಜಾಗ. ಒಂದು, ಸಾಲದ ಖಾತೆಗಳ ಪಟ್ಟಿ. ಇನ್ನೊಂದು, 'ಎನ್‌ಕ್ವೈರಿ', ಅಂದರೆ ನಿಮ್ಮ ಹೆಸರಲ್ಲಿ ಸಾಲಕ್ಕೆ ಅರ್ಜಿ ಬಂದಾಗ ಯಾರ್ಯಾರು ನಿಮ್ಮ ಲೆಕ್ಕ ವಿಚಾರಿಸಿದ್ದಾರೆ ಅನ್ನೋ ಪಟ್ಟಿ. ನೀವು ಅರ್ಜಿನೇ ಹಾಕದ ಫೈನಾನ್ಸ್ ಹೆಸರು ಅಲ್ಲಿದ್ದರೆ ಯಾರೋ ಪ್ರಯತ್ನ ಮಾಡಿದ್ದಾರೆ ಅಂತ ಅರ್ಥ.

ಗೊತ್ತಿಲ್ಲದ ಸಾಲ ಕಂಡರೆ ಆ ಕ್ರೆಡಿಟ್ ಕಂಪನಿಗೂ, ಸಾಲ ಕೊಟ್ಟ ಸಂಸ್ಥೆಗೂ ಬರಹದಲ್ಲಿ ದೂರು ಕೊಡಿ, ನಂಬರ್ ಇಟ್ಕೊಳ್ಳಿ. ಪೊಲೀಸ್ ದೂರಿನ ಪ್ರತಿಯನ್ನೂ ಲಗತ್ತಿಸಿ. 30 ದಿನದಲ್ಲಿ ದೂರು ಇತ್ಯರ್ಥ ಆಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂ. ಪರಿಹಾರ ಕೊಡಬೇಕು ಅಂತ ಆರ್‌ಬಿಐ 2023ರಲ್ಲೇ ಹೇಳಿದೆ. ಈ ಸಾಲು ದೂರಿನಲ್ಲೇ ಬರೆದುಬಿಡಿ.

ಇನ್ನು ಹೆಬ್ಬೆಟ್ಟಿನ ವಿಷಯ. ಆಧಾರ್ ನಂಬರ್, ಬ್ಯಾಂಕ್ ಹೆಸರು, ಬೆರಳಚ್ಚು ಇಷ್ಟಿದ್ದರೆ ಎಇಪಿಎಸ್ ಮೆಷಿನ್‌ನಲ್ಲಿ ಹಣ ತೆಗೆಯಬಹುದು. ಒಟಿಪಿ ಬೇಡ, ಎಟಿಎಂ ಕಾರ್ಡೂ ಬೇಡ. 2023ರಲ್ಲಿ ಬೆಂಗಳೂರಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ ಖಾತೆ ಖಾಲಿ ಮಾಡಿದ ದೂರುಗಳು ಬಂದಿದ್ದವು. ಇದಕ್ಕೆ ಮದ್ದು ಬಯೋಮೆಟ್ರಿಕ್ ಲಾಕ್. ಎಂ-ಆಧಾರ್ ಆ್ಯಪ್‌ನಲ್ಲಿ ಉಚಿತವಾಗಿ ಮಾಡಬಹುದು, ಆದರೆ ಆಧಾರ್‌ಗೆ ನಿಮ್ಮ ಈಗಿನ ಮೊಬೈಲ್ ನಂಬರ್ ಲಿಂಕ್ ಆಗಿರಬೇಕು. ಒಂದು ತೊಂದರೆ ಇದೆ: ಲಾಕ್ ಆಗಿದ್ದರೆ ರೇಷನ್ ಅಂಗಡೀಲೂ ಬೆರಳು ತಗೊಳ್ಳಲ್ಲ. ಹೋಗೋ ಮುಂಚೆ ಅನ್‌ಲಾಕ್ ಮಾಡ್ಕೊಂಡು ಹೋಗಬೇಕು. ವಯಸ್ಸಾದವರಿಗೆ ಮನೆ ಮಕ್ಕಳೇ ಇದನ್ನ ಮಾಡಿಕೊಡಬೇಕಾಗುತ್ತೆ.

ಪ್ರಿಂಟ್‌ಗೆ ಅಂತ ಜೆರಾಕ್ಸ್ ಅಂಗಡಿ ವಾಟ್ಸಾಪ್‌ಗೆ ಆಧಾರ್ ಕಳಿಸ್ತೀವಲ್ಲ, ಆ ಫೈಲ್ ಅಲ್ಲೇ ಉಳಿಯುತ್ತೆ. ಅಂಗಡಿಯವರು ಎಷ್ಟೇ ಒಳ್ಳೆಯವರಾದರೂ ಆ ಕಂಪ್ಯೂಟರ್ ಮುಂದೆ ಎಷ್ಟೋ ಜನ ಕೂರ್ತಾರೆ. ಎದುರಿಗೇ ಡಿಲೀಟ್ ಮಾಡಿಸಿ. ಬರೀ ಗುರುತಿಗೆ ಕೇಳುವ ಕಡೆ ಮಾಸ್ಕ್ಡ್ ಆಧಾರ್ ಕೊಡಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತೆ.

ಖಾತೆಯಿಂದ ಹಣ ಹೋಗಿದ್ದು ಕಂಡ ತಕ್ಷಣ ಬ್ಯಾಂಕಿಗೂ, 1930ಕ್ಕೂ ಫೋನ್ ಮಾಡಿ. ನಾಳೆ ಬ್ಯಾಂಕ್ ತೆರೆಯಲಿ ಅಂತ ಕಾಯಬೇಡಿ, ಅಷ್ಟರಲ್ಲಿ ದುಡ್ಡು ನಾಲ್ಕು ಖಾತೆ ದಾಟಿರುತ್ತೆ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋಗಿದ್ದು, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರಬಾರದು ಅನ್ನೋದು ಆರ್‌ಬಿಐನ 2017ರ ಸುತ್ತೋಲೆ. ಪಿನ್ ನೀವೇ ಕೊಟ್ಟಿದ್ದರೆ ಈ ರಕ್ಷಣೆ ಇಲ್ಲ. ಬ್ಯಾಂಕಿಗೆ ತಿಳಿಸುವವರೆಗೆ ಹೋದ ಹಣ ನಿಮ್ಮದೇ ನಷ್ಟ. ಬ್ಯಾಂಕಿನವರು 30 ದಿನ ಉತ್ತರ ಕೊಡದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಹೇಗೆ ಅಂತ ಕೇಳಲು ಸಹಾಯವಾಣಿ 14448.