ಶ್ವಾಸಕೋಶದ ಕ್ಯಾನ್ಸರ್: ಮೈಯೊಳಗಿನ ನೆಲ

ಬೀಡಿ, ಸಿಗರೇಟನ್ನು ಎಂದೂ ಮುಟ್ಟದ ಹೆಣ್ಣುಮಗಳಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಾಗ ಮನೆಯವರು ವೈದ್ಯರನ್ನು ಮೊದಲು ಕೇಳುವುದು, ಇದು ಎಲ್ಲಿಂದ ಬಂತು ಎಂದು. ಇತ್ತ ಜೀವಮಾನವಿಡೀ ಸೇದಿದವರಲ್ಲೂ ಹೆಚ್ಚಿನವರು ಈ ರೋಗಕ್ಕೆ ಸಿಕ್ಕದೆ ಉಳಿಯುತ್ತಾರೆ. ಹೊಗೆ ಜೀನನ್ನು ಕೆಡಿಸುತ್ತದೆ, ಕೆಟ್ಟ ಜೀನು ಕ್ಯಾನ್ಸರ್ ತರುತ್ತದೆ ಎಂಬ ನೇರ ಲೆಕ್ಕಕ್ಕೆ ಈ ಎರಡೂ ಕೂಡಿಬರುವುದಿಲ್ಲ. ಕೆಟ್ಟ ಜೀವಕೋಶವೊಂದು ಗಡ್ಡೆಯಾಗಬೇಕಾದರೆ ಸುತ್ತಲಿನ ದೇಹವೂ ಅದಕ್ಕೆ ಎಡೆಮಾಡಿಕೊಡಬೇಕು. ರಕ್ತ, ಆಮ್ಲಜನಕ, ಉರಿಯೂತ, ರೋಗನಿರೋಧಕ ಕೋಶಗಳು, ವಯಸ್ಸು ಎಲ್ಲ ಸೇರಿ ಆದ ಈ ಒಳ ಪರಿಸರದ ವಿಚಾರ ಸುಮಾರು ನೂರೈವತ್ತು ವರ್ಷ ಹಳೆಯದು. ಶ್ವಾಸಕೋಶದ ಕ್ಯಾನ್ಸರಿನ ಮಟ್ಟಿಗೆ ಅದರಿಂದ ಗಟ್ಟಿ ಉತ್ತರಗಳು ಸಿಗತೊಡಗಿದ್ದು ಮಾತ್ರ ತೀರ ಈಚೆಗೆ.

ಒಳ ಪರಿಸರ ಎಂಬ ಕಲ್ಪನೆ ಕೊಟ್ಟವರು 19ನೇ ಶತಮಾನದ ಫ್ರೆಂಚ್ ಶರೀರಶಾಸ್ತ್ರಜ್ಞ ಕ್ಲೋಡ್ ಬರ್ನಾರ್. ಜೀವಕೋಶಗಳು ಬದುಕುವುದು ದೇಹದ್ರವಗಳಲ್ಲಿ, ಆ ದ್ರವಗಳ ಹದ ಕಾಯ್ದುಕೊಳ್ಳುವುದೇ ಜೀವದ ಕೆಲಸ ಎಂದರು ಅವರು. 1863ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೊ ಗಡ್ಡೆಗಳೊಳಗೆ ಬಿಳಿ ರಕ್ತಕಣಗಳನ್ನು ಕಂಡು, ಬಹುಕಾಲ ಉರಿಯೂತವಿದ್ದ ಜಾಗದಲ್ಲಿ ಕ್ಯಾನ್ಸರ್ ಹುಟ್ಟುತ್ತದೆಂದು ಊಹಿಸಿದರು. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರಿನಿಂದ ಸತ್ತ 735 ಮಂದಿಯ ಶವಪರೀಕ್ಷೆಯ ದಾಖಲೆಗಳನ್ನು ತಿರುವಿಹಾಕಿ, ಕ್ಯಾನ್ಸರ್ ಕೆಲವೇ ಅಂಗಗಳನ್ನು ಆರಿಸಿ ಹಿಡಿಯುತ್ತದೆಂದು ತೋರಿಸಿದರು. ಬೀಜ ಎಲ್ಲ ಕಡೆ ಚೆಲ್ಲಿದರೂ ಒಪ್ಪುವ ಮಣ್ಣಿನಲ್ಲಷ್ಟೇ ಮೊಳೆಯುತ್ತದೆ ಎಂಬುದು ಅವರ ವಾದದ ಸಾರ. ಮುಂದೆ ಅಮೆರಿಕದ ಜೇಮ್ಸ್ ಯೂಯಿಂಗ್, ರಕ್ತ ಹರಿಯುವ ದಾರಿಯೇ ಎಲ್ಲಕ್ಕೂ ಕಾರಣ ಎಂದಾಗ ಪ್ಯಾಜೆಟ್ ಮೂಲೆಗೆ ಸರಿದರು. ಅವರನ್ನು ಮತ್ತೆ ಮುನ್ನೆಲೆಗೆ ತಂದದ್ದು 1970ರ ನಂತರ ಐಸೈಯಾ ಫಿಡ್ಲರ್ ಇಲಿಗಳಲ್ಲಿ ನಡೆಸಿದ ಪ್ರಯೋಗಗಳು.

ಈ ನಡುವೆ, 1955ರಲ್ಲಿ, ಬ್ರಿಟನ್ನಿನ ಟಾಮ್ಲಿನ್ಸನ್ ಮತ್ತು ಗ್ರೇ ಮಾಡಿದ ಕೆಲಸ ಶ್ವಾಸಕೋಶದ ಗಡ್ಡೆಗಳ ಮೇಲೆಯೇ ನಡೆದದ್ದು. ಅದಕ್ಕೆ ಸಲ್ಲಬೇಕಾದಷ್ಟು ಹೆಸರು ಸಂದಿಲ್ಲವೆಂದು ನನಗನಿಸುತ್ತದೆ. ರೋಗಿಗಳಿಂದ ತೆಗೆದ ಗಡ್ಡೆಗಳ ತೆಳು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಅವರು ಅಳೆದರು. ರಕ್ತನಾಳದ ಬದಿಯ ಕ್ಯಾನ್ಸರ್ ಕೋಶಗಳು ಚೆನ್ನಾಗಿದ್ದವು. ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಒಳಗೆ ಹೋಗುವಷ್ಟರಲ್ಲಿ ಕೋಶಗಳು ಸತ್ತಿದ್ದವು. ಆಮ್ಲಜನಕ ಅಷ್ಟು ದೂರ ಇಳಿಯುವ ಹೊತ್ತಿಗೆ ಮುಗಿದುಹೋಗುತ್ತದೆ ಎಂಬುದು ಅವರ ಲೆಕ್ಕಾಚಾರ. ಬದುಕಿದ ಕೋಶಕ್ಕೂ ಸತ್ತ ಕೋಶಕ್ಕೂ ನಡುವೆ, ಉಸಿರು ಕಟ್ಟಿದರೂ ಜೀವ ಹಿಡಿದಿರುವ ಒಂದು ತೆಳು ಅಂಚು ಇರಬೇಕು. ಆಮ್ಲಜನಕವಿಲ್ಲದ ಕೋಶವನ್ನು ವಿಕಿರಣದಿಂದ ಕೊಲ್ಲಲು ಸುಮಾರು ಮೂರು ಪಟ್ಟು ಪ್ರಮಾಣ ಬೇಕು. ಚಿಕಿತ್ಸೆಯ ನಂತರ ಗಡ್ಡೆ ಮರುಕಳಿಸುವುದಕ್ಕೆ ಹೀಗೊಂದು ವಿವರಣೆ ಸಿಕ್ಕಿತು. ಆಮ್ಲಜನಕದ ಕೊರತೆಯನ್ನು ಜೀವಕೋಶ ಹೇಗೆ ಅರಿಯುತ್ತದೆಂದು ಬಿಡಿಸಿ ತೋರಿಸಿದ ಸೆಮೆಂಜಾ, ರ‍್ಯಾಟ್‌ಕ್ಲಿಫ್, ಕೇಲಿನ್ ಅವರಿಗೆ 2019ರಲ್ಲಿ ನೊಬೆಲ್ ಬಂತು.

1970ರ ದಶಕದ ಕೊನೆಯಿಂದ ಮುಂದಿನ ಕಾಲು ಶತಮಾನ ಜೀನುಗಳದ್ದು. ಅದನ್ನು ಹಗುರಾಗಿ ಕಾಣುವಂತಿಲ್ಲ. 2004ರಲ್ಲಿ ಇಜಿಎಫ್ಆರ್ ಜೀನಿನ ರೂಪಾಂತರ ಪತ್ತೆಯಾದ ಮೇಲೆ, ಅದಿರುವ ರೋಗಿಗಳಿಗೆ ಮಾತ್ರೆಯಲ್ಲೇ ಚಿಕಿತ್ಸೆ ಕೊಡಲು ಸಾಧ್ಯವಾಯಿತು. ಆದರೆ ಅದೇ ಜೀನುಗಳ ಯುಗದ ನಡುವೆ, 1984ರಲ್ಲಿ, ಕ್ಯಾಲಿಫೋರ್ನಿಯದ ಮಿನಾ ಬಿಸೆಲ್ ಮತ್ತು ಸಂಗಡಿಗರ ಪ್ರಯೋಗವೊಂದು ಬೇರೆಯೇ ಮಾತು ಹೇಳಿತ್ತು. ಕೋಳಿಗಳಿಗೆ ಗಡ್ಡೆ ತರುವ ರೌಸ್ ವೈರಸ್ಸನ್ನು ಅವರು ಮೊಟ್ಟೆಯೊಳಗಿನ ಎಳೆ ಭ್ರೂಣಕ್ಕೆ ಚುಚ್ಚಿದರು. ಕ್ಯಾನ್ಸರ್ ಜೀನು ಕೆಲಸ ಮಾಡುತ್ತಿದ್ದರೂ ಗಡ್ಡೆ ಏಳಲಿಲ್ಲ. ಮೊಟ್ಟೆಯೊಡೆದು ಬಂದ ಮರಿಗಳಲ್ಲಿ, ಒಂದು ರೆಕ್ಕೆಗೆ ವೈರಸ್ ಚುಚ್ಚಿ ಇನ್ನೊಂದು ರೆಕ್ಕೆಗೆ ಗಾಯ ಮಾಡಿದರೆ ಆ ಗಾಯದಲ್ಲೂ ಗಡ್ಡೆ ಎದ್ದಿತು. ಗಾಯ ಮಾಯಿಸಲು ದೇಹ ಹೂಡುವ ಏರ್ಪಾಡನ್ನೇ ಕ್ಯಾನ್ಸರ್ ಬಳಸಿಕೊಳ್ಳುತ್ತದೆ. 1986ರಲ್ಲಿ ಹೆರಾಲ್ಡ್ ಡ್ವೊರಾಕ್, ಗಡ್ಡೆಯೆಂದರೆ ಮಾಯದ ಗಾಯ ಎಂಬರ್ಥದ ಶೀರ್ಷಿಕೆಯಲ್ಲೇ ಲೇಖನ ಬರೆದರು.

ಗಾಯದ ಜೊತೆ ಏಳುವ ಉರಿಯೂತ ಕ್ಯಾನ್ಸರಿಗೆ ಎಡೆಮಾಡಿಕೊಡುತ್ತದೆ ಎಂಬುದಕ್ಕೆ ಮನುಷ್ಯರಲ್ಲಿ ದೊಡ್ಡ ಸುಳಿವು ದೊರೆತದ್ದು ಹೃದಯದ ಚಿಕಿತ್ಸೆಯಿಂದ. ಹೃದಯಾಘಾತದಿಂದ ಪಾರಾಗಿದ್ದ, ರಕ್ತದಲ್ಲಿ ಉರಿಯೂತದ ಗುರುತು ಹೆಚ್ಚಿದ್ದ 10,061 ಜನರಿಗೆ ಕೆನಾಕಿನುಮ್ಯಾಬ್ ಎಂಬ ಔಷಧಿಯನ್ನೋ ಬರಿಯ ಸೋಗಿನ ಚುಚ್ಚುಮದ್ದನ್ನೋ ಕೊಟ್ಟು ನೋಡಿದ ಕ್ಯಾಂಟೋಸ್ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂದೇಶವಾಹಕವನ್ನು ತಡೆಯುವ ಔಷಧಿ ಅದು. ಪಾಲ್ ರಿಡ್ಕರ್ ತಂಡ ಹುಡುಕುತ್ತಿದ್ದುದು ಹೃದಯಕ್ಕೆ ಆಗುವ ಲಾಭವನ್ನು. ಅದರ ಜೊತೆಗೆ, ಅತಿ ಹೆಚ್ಚು ಪ್ರಮಾಣ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇ. 77ರಷ್ಟು ತಗ್ಗಿತ್ತು. ಸೋಂಕಿನಿಂದಾಗುವ ಸಾವು ಸ್ವಲ್ಪ ಹೆಚ್ಚಿತ್ತು ಎಂಬುದನ್ನೂ ಹೇಳಬೇಕು.

ಇದೇ ಸಂದೇಶವಾಹಕ ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯಲ್ಲಿ ಮತ್ತೆ ಎದುರಾಯಿತು. ಚಾರ್ಲ್ಸ್ ಸ್ವಾಂಟನ್ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಗ್ಲೆಂಡ್, ದಕ್ಷಿಣ ಕೊರಿಯ, ತೈವಾನ್‌ಗಳ ಸುಮಾರು 33 ಸಾವಿರ ರೋಗಿಗಳ ಮಾಹಿತಿಯಲ್ಲಿ, ಗಾಳಿಯಲ್ಲಿ ಪಿಎಂ 2.5 ಎಂಬ ಅತಿ ಸಣ್ಣ ಕಣಗಳ ಧೂಳು ಹೆಚ್ಚಿದಂತೆ ಇಜಿಎಫ್ಆರ್ ಮಾದರಿಯ ಶ್ವಾಸಕೋಶ ಕ್ಯಾನ್ಸರ್ ಹೆಚ್ಚುವುದನ್ನು ತೋರಿಸಿತು. ಆ ಮೇಲೆ 295 ಮಾದರಿ ಆರೋಗ್ಯವಂತ ಶ್ವಾಸಕೋಶದ ಅಂಗಾಂಶವನ್ನು ಪರೀಕ್ಷಿಸಿದಾಗ, ಶೇ. 18ರಲ್ಲಿ ಇಜಿಎಫ್ಆರ್, ಶೇ. 53ರಲ್ಲಿ ಕೆರಾಸ್ ಎಂಬ ಇನ್ನೊಂದು ಜೀನಿನ ರೂಪಾಂತರಗಳು ಆಗಲೇ ಇದ್ದವು. ವಯಸ್ಸಾದಂತೆ ನಮ್ಮೊಳಗೆ ಇಂಥ ಕೋಶಗಳು ತಾವಾಗಿ ಮೂಡುತ್ತವೆ, ಬಹುತೇಕ ಸುಮ್ಮನಿರುತ್ತವೆ. ಇಲಿಗಳಲ್ಲಿ ನೋಡಿದಾಗ, ಧೂಳು ಹೊಸ ರೂಪಾಂತರಗಳನ್ನು ತರಲಿಲ್ಲ. ಶ್ವಾಸಕೋಶದ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳನ್ನು ಕೆಣಕಿ ಇಂಟರ್‌ಲ್ಯೂಕಿನ್-1 ಬೀಟಾ ಸುರಿಸುವಂತೆ ಮಾಡಿತು. ಆ ಉರಿಯೂತ, ಮಲಗಿದ್ದ ಕೋಶಗಳನ್ನು ಎಬ್ಬಿಸಿತು. ಧೂಳಿಗೆ ಒಡ್ಡುವಾಗಲೇ ಆ ಸಂದೇಶವಾಹಕವನ್ನು ತಡೆದರೆ ಗಡ್ಡೆಗಳು ಕಡಿಮೆಯಾದವು. 1940ರ ದಶಕದಲ್ಲಿ ಐಸಾಕ್ ಬೆರೆನ್‌ಬ್ಲಮ್ ಇಲಿಯ ಚರ್ಮದ ಮೇಲೆ ಕಂಡದ್ದೂ ಇದನ್ನೇ: ಕ್ಯಾನ್ಸರ್ ಆರಂಭಿಸುವ ವಸ್ತು ಬೇರೆ, ಬೆಳೆಸುವ ವಸ್ತು ಬೇರೆ.

ನಮಗೆ ಈ ಅಧ್ಯಯನ ದೂರದ ಸುದ್ದಿಯಲ್ಲ. ಯುರೋಪಿನವರಿಗಿಂತ ಭಾರತದ ರೋಗಿಗಳಲ್ಲಿ ಇಜಿಎಫ್ಆರ್ ರೂಪಾಂತರ ಹೆಚ್ಚು. ಪಿಎಂ 2.5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರ್ಷಿಕ ಮಿತಿ ಘನಮೀಟರಿಗೆ 5 ಮೈಕ್ರೋಗ್ರಾಂ. ನಮ್ಮ ದೇಶದ ಮಾನದಂಡ 40. ಸೌದೆ ಒಲೆಯ ಮುಂದೆ ಬದುಕು ಕಳೆದ ತಾಯಂದಿರ ಶ್ವಾಸಕೋಶದ ಉರಿಯೂತವನ್ನು ಈ ಬೆಳಕಿನಲ್ಲಿ ನೋಡಲೇಬೇಕು.

ಹಾಗಾದರೆ ಕೆನಾಕಿನುಮ್ಯಾಬ್ ಕೊಟ್ಟು ರೋಗ ವಾಸಿಮಾಡಬಹುದೇ? 2021 ಮತ್ತು 2022ರಲ್ಲಿ ಬಂದ ಕ್ಯಾನೊಪಿ ಸರಣಿಯ ಪ್ರಯೋಗಗಳ ಉತ್ತರ, ಇಲ್ಲ. ಹರಡಿದ ಕ್ಯಾನ್ಸರಿಗೂ, ಶಸ್ತ್ರಚಿಕಿತ್ಸೆಯ ನಂತರದ ಹಂತಕ್ಕೂ ಔಷಧಿ ಉಪಯೋಗವಾಗಲಿಲ್ಲ. ಈ ಸೋಲು ನನ್ನ ಮಟ್ಟಿಗೆ ಇಡೀ ಚರಿತ್ರೆಯ ಅತಿ ಮುಖ್ಯ ಪಾಠ. ಕೋಶವನ್ನು ಎಬ್ಬಿಸುವ ಹೊತ್ತಿನಲ್ಲಿ ಬೇಕಾಗುವ ಸಂಕೇತ, ಎದ್ದು ಬೇರೂರಿದ ಗಡ್ಡೆಗೆ ಬೇಕಾಗದೆ ಹೋಗಬಹುದು. ಯಾವ ಸಂಕೇತ ಎಂಬುದರಷ್ಟೇ, ಯಾವ ಹೊತ್ತಿನಲ್ಲಿ ಎಂಬುದೂ ಮುಖ್ಯ.

ಬೇರೂರಿದ ಗಡ್ಡೆಯ ಎದುರು ಒಳ ಪರಿಸರವನ್ನು ಬಳಸಿ ಗೆದ್ದದ್ದು ರೋಗನಿರೋಧಕ ಚಿಕಿತ್ಸೆ. ಜಪಾನಿನ ತಾಸುಕು ಹೊಂಜೊ ಅವರ ಪ್ರಯೋಗಾಲಯ 1992ರಲ್ಲಿ ಗುರುತಿಸಿದ, ರೋಗನಿರೋಧಕ ಕೋಶಗಳಿಗೆ ಕಡಿವಾಣ ಹಾಕುವ ಪಿಡಿ-1 ಎಂಬ ಪ್ರೋಟೀನನ್ನು ತಡೆಯುವ ಔಷಧಿಗಳು 2015ರಿಂದ ಶ್ವಾಸಕೋಶದ ಕ್ಯಾನ್ಸರಿಗೆ ಬಂದವು. ಇವು ಎಲ್ಲರಿಗೂ ಒಗ್ಗುವುದಿಲ್ಲ. 2018ರ ಫ್ರೆಂಚ್ ಅಧ್ಯಯನವೊಂದರಲ್ಲಿ, ಚಿಕಿತ್ಸೆಯ ಆಸುಪಾಸಿನಲ್ಲಿ ಆ್ಯಂಟಿಬಯಾಟಿಕ್ ತೆಗೆದುಕೊಂಡವರಿಗೆ ಫಲ ಕಡಿಮೆಯಾಗಿತ್ತು. ಕರುಳಿನ ಬ್ಯಾಕ್ಟೀರಿಯಾಗಳೂ ಇದರಲ್ಲಿ ಪಾಲುದಾರರು ಎಂದಾಯಿತು.

ವಯಸ್ಸಿನ ವಿಚಾರ ಎಲ್ಲಕ್ಕಿಂತ ಅನಿರೀಕ್ಷಿತ. ವಯಸ್ಸಾದಂತೆ ಅಪಾಯ ಏರುತ್ತದೆ ಎಂಬುದು ನಿಜ. ಆದರೂ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕೇಂದ್ರದ ಟುವೊಮಾಸ್ ತಮ್ಮೆಲಾ ತಂಡ, ಎಳೆಯ ಮತ್ತು ಮುದಿ ಇಲಿಗಳಲ್ಲಿ ಒಂದೇ ಬಗೆಯ ಕ್ಯಾನ್ಸರ್ ರೂಪಾಂತರ ಹುಟ್ಟಿಸಿದಾಗ, ಮುದಿ ಇಲಿಗಳಲ್ಲೇ ಗಡ್ಡೆಗಳು ಕಡಿಮೆ ಎದ್ದವು. ಮುಪ್ಪಿನಲ್ಲಿ ನೂಪರ್-1 ಎಂಬ ಪ್ರೋಟೀನು ಹೆಚ್ಚಾಗಿ, ಜೀವಕೋಶಗಳು ಕಬ್ಬಿಣದ ಕೊರತೆ ಇದ್ದಂತೆ ನಡೆದುಕೊಳ್ಳುತ್ತವೆ. ಹೊಸದಾಗಿ ಬೆಳೆಯುವ ಕಸುವು ಕುಂದುತ್ತದೆ. ಕಬ್ಬಿಣ ಒದಗಿಸಿದರೆ ಆ ಕಸುವು ಮರಳಿತು. ಸ್ಟ್ಯಾನ್‌ಫರ್ಡಿನ ಇನ್ನೊಂದು ತಂಡಕ್ಕೂ ಮುದಿ ಇಲಿಗಳಲ್ಲಿ ಕ್ಯಾನ್ಸರ್ ಮಂದವಾಗುವುದೇ ಕಂಡಿತು. ಶ್ವಾಸಕೋಶದ ಕ್ಯಾನ್ಸರಿನ ಔಷಧಿಗಳನ್ನು ಇಲ್ಲಿಯವರೆಗೆ ಹೆಚ್ಚಾಗಿ ಪರೀಕ್ಷಿಸಿರುವುದು ಎಳೆಯ ಇಲಿಗಳಲ್ಲಿ. ಅವನ್ನು ನುಂಗುವವರಲ್ಲಿ ಬಹಳಷ್ಟು ಮಂದಿ ಅರವತ್ತು ದಾಟಿದವರು. ಆ ಪರೀಕ್ಷೆಗಳಲ್ಲಿ ಎಷ್ಟನ್ನು ಮುದಿ ಇಲಿಗಳಲ್ಲಿ ಮತ್ತೆ ಮಾಡಬೇಕು ಎಂಬುದು ಈಗ ಈ ಕ್ಷೇತ್ರದ ಮುಂದಿರುವ ಕೆಲಸ.