ಹೊಕ್ಕುಳ ಬಳ್ಳಿ ಕೊಯ್ದ ಕೈ

ರಾಜ ಹುಟ್ಟಿದ ತಿಥಿ, ವಾರ, ನಕ್ಷತ್ರಗಳನ್ನು ಆಸ್ಥಾನದ ಜೋಯಿಸರು ಬರೆದಿಟ್ಟರು. ಅವನು ಬಿಟ್ಟುಕೊಟ್ಟ ದಾನದತ್ತಿಯನ್ನು ಕಲ್ಲಿನ ಮೇಲೆ ಕೊರೆಸಿದರು. ಅವನ ಹೊಕ್ಕುಳ ಬಳ್ಳಿ ಕೊಯ್ದವಳ ಹೆಸರನ್ನೂ ಒಂದು ಮೂಲೆಯಲ್ಲಿ ಕೊರೆಸೋಣ ಅಂತ ಯಾರಿಗೂ ಅನ್ನಿಸಲಿಲ್ಲ. ನಾವು ಶಾಲೆಗಳಲ್ಲಿ ಉರು ಹೊಡೆದ ಚರಿತ್ರೆ ಇಂಥಾದ್ದು ಗೆಳೆಯರೇ. ಹುಟ್ಟಿದವನ ಲೆಕ್ಕ ಅದರಲ್ಲುಂಟು, ಎತ್ತಿಕೊಂಡವಳ ಲೆಕ್ಕವಿಲ್ಲ.

ಹೀಗೆ ಲೆಕ್ಕಕ್ಕೆ ಸಿಗದೆ ಹೋಗಬೇಕಿದ್ದ ಒಬ್ಬಳು ನಮ್ಮ ಕಾಲದಲ್ಲಿ ಹೇಗೋ ಉಳಿದುಕೊಂಡಳು. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಸೂಲು ಅಂದರೆ ಹೆರಿಗೆ. ಕಸುಬೇ ಅವಳ ಹೆಸರಾಯಿತು.

ಹುಟ್ಟಿದ್ದು 1920ರಲ್ಲಿ. ಓದು ಬರಹ ಇಲ್ಲ. ಹನ್ನೆರಡನೇ ವಯಸ್ಸಿಗೇ ಮದುವೆ. ಹೆತ್ತದ್ದು 12 ಮಕ್ಕಳು. ಅದರಲ್ಲಿ ನಾಲ್ಕು ಚಿಕ್ಕಂದಿನಲ್ಲೇ ತೀರಿಕೊಂಡವು. ಉಳಿದ ಮಕ್ಕಳಿಂದ ಮೊಮ್ಮಕ್ಕಳು, ಮರಿಮಕ್ಕಳಾಗಿ ಮನೆ ತುಂಬಿತು. ಪಾವಗಡ ಎಂಥ ಸೀಮೆ ಅಂತ ಬಲ್ಲವರು ಬಲ್ಲರು. ಆಂಧ್ರದ ಗಡಿ, ಬರದ ನೆಲ, ಮಳೆ ಬಂದರೆ ಉಂಟು ಇಲ್ಲದಿದ್ದರೆ ಇಲ್ಲ. ಅಲ್ಲಿ ನಡುರಾತ್ರಿ ಬಸುರಿಗೆ ನೋವು ಬಂದರೆ ಕೂಗುವುದು ಯಾರನ್ನ? ನರಸಮ್ಮನನ್ನ.

ಈ ವಿದ್ಯೆ ಅವಳಿಗೆ ಬಂದದ್ದು ತನ್ನ ಅಜ್ಜಿಯಿಂದ. 1940ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಬಳಗದ ಹೆಣ್ಣೊಬ್ಬಳ ಹೆರಿಗೆ ಮಾಡಿಸಿದ್ದು ಮೊದಲು. ಊರಿಗೆ ಬಂದುಹೋಗುವ ಅಲೆಮಾರಿಗಳಿಂದ ಗಿಡಮೂಲಿಕೆಯ ಮದ್ದು ಕಲಿತಳು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ಹೇಗಿದೆ ಅಂತ ಹೇಳುತ್ತಿದ್ದಳು. ಎಪ್ಪತ್ತು ವರ್ಷಗಳಲ್ಲಿ 15 ಸಾವಿರಕ್ಕೂ ಮಿಕ್ಕಿ ಹೆರಿಗೆ ಮಾಡಿಸಿದಳು ಎನ್ನುತ್ತಾರೆ. ದುಡ್ಡು ಕೇಳಿದವಳಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ, ಕೈಯಿಂದ ಕೈಗೆ ಬಂದ ಈ ವಿದ್ಯೆಗೆ ಗುರುಕುಲವಿಲ್ಲ, ತಾಳೆಗರಿಯಿಲ್ಲ. ಅದಕ್ಕೇ ಪಂಡಿತರು ಇದನ್ನು ಶಾಸ್ತ್ರ ಅನ್ನಲಿಲ್ಲ. ಹೆಂಗಸರ ಚಾಕರಿ ಅಂದುಬಿಟ್ಟರು.

ಸೂಲಗಿತ್ತಿಯ ಚಾಕರಿಯ ಹಿಂದೆ ಜಾತಿಯ ಲೆಕ್ಕಾಚಾರವೂ ಇದೆ. ಹೆರಿಗೆಯ ರಕ್ತ ಮೈಲಿಗೆ, ಕಸ ಮೈಲಿಗೆ, ಪುರುಡಿನ ಕೋಣೆ ಮೈಲಿಗೆ. ಆ ಮೈಲಿಗೆಯನ್ನು ತೊಳೆಯಲು ನಮ್ಮ ದೇಶದ ಎಷ್ಟೋ ಕಡೆ ಕೇರಿಯ ಹೆಣ್ಣೇ ಬೇಕಾದಳು. ಬಾಗಿಲ ಹೊರಗೆ ನಿಲ್ಲಬೇಕಾದವಳು ನೋವು ಬಂದ ರಾತ್ರಿ ಒಳಕೋಣೆಗೆ ಹೋಗಬಹುದಿತ್ತು. ಆಗ ಮಡಿ ಎಲ್ಲಿ ಹೋಗಿತ್ತು? ಕೂಸು ಅತ್ತು, ಪುರುಡು ಕಳೆದ ಮೇಲೆ ಅವಳು ಮತ್ತೆ ಹೊರಗೆ. ತನ್ನನ್ನು ಮೊದಲು ಮುಟ್ಟಿದ ಕೈಯನ್ನೇ ಆ ಕೂಸು ಬೆಳೆದು ಮುಟ್ಟಬಾರದ ಕೈ ಅಂದಿತು. ಇದಕ್ಕಿಂತ ದೊಡ್ಡ ಕೃತಘ್ನತೆ ಇನ್ನಾವುದಿದೆ?

ಹಾಗಂತ ಹಳೇ ಕಾಲವೇ ಚೆನ್ನಾಗಿತ್ತು ಅಂತ ನಾವು ಹಾಡುವುದಿಲ್ಲ. ಸರ್ಕಾರದ ಲೆಕ್ಕದಲ್ಲಿ, ಕರ್ನಾಟಕದಲ್ಲಿ 2001–03ರಲ್ಲಿ ಒಂದು ಲಕ್ಷ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ಕ್ಕೆ ಅದು 69ಕ್ಕೆ ಇಳಿಯಿತು. 2019–21ರ ಸಮೀಕ್ಷೆಯ ಹೊತ್ತಿಗೆ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಬಡವರ ಹೆಣ್ಣುಮಕ್ಕಳಿಗೆ ಡಾಕ್ಟರು, ರಕ್ತ, ಆಂಬುಲೆನ್ಸ್ ಸಿಗಲೇಬೇಕು, ಅದು ಹಕ್ಕು. ನಮ್ಮ ತಕರಾರು ಬೇರೆ. ಆಸ್ಪತ್ರೆ ಇಲ್ಲದ ಶತಮಾನಗಳಲ್ಲಿ ದೇಶವನ್ನು ಹೊತ್ತವರಿಗೆ ಆಸ್ಪತ್ರೆ ಬಂದ ಮೇಲೆ ಏನು ಸಿಕ್ಕಿತು?

ನರಸಮ್ಮನಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, 98ರ ಇಳಿವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದಳು. ಆ ತಾಯಿಗೆ ಸಂದ ಗೌರವ ನಮಗೂ ಸಂತೋಷವೇ. ಆದರೆ ಒಬ್ಬಳಿಗೆ ಶಾಲು ಹೊದಿಸಿದರೆ ಸಾವಿರಾರು ಸೂಲಗಿತ್ತಿಯರ ಸಾಲ ತೀರಿತೇ? ಒಂದು ಮೊರ ರಾಗಿ, ಒಂದು ಹಳೇ ಸೀರೆ, ಎಲೆ ಅಡಿಕೆಗೆ ಜೀವ ತೇದವರು ಅವರು.

ಆ ಸಾಲ ಇವತ್ತಿಗೂ ಬೆಳೀತಾ ಇದೆ. 2005ರ ನಂತರ ಹಳ್ಳಿ ಹಳ್ಳಿಗೆ ಆಶಾ ಕಾರ್ಯಕರ್ತೆಯರು ಬಂದರು. ಬಸುರಿಯ ಹೆಸರು ಬರೆಸುವವಳು ಅವಳು, ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಜೊತೆ ಹೋಗುವವಳು ಅವಳು. ಅವಳಿಗೆ ಸಿಗುವುದು ಗೌರವಧನ, ಪ್ರೋತ್ಸಾಹಧನ, ಸಂಬಳ ಅಲ್ಲ. ಸಂಬಳ ಕೇಳಿದರೆ ನೀನು ಸ್ವಯಂಸೇವಕಿ ಅಂತಾರೆ. ಅಂದಿನ ಮೊರದ ರಾಗಿಗೆ ಇಂದು ಬೇರೆ ಹೆಸರು ಬಂದಿದೆ, ಅಷ್ಟೆ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಓದುವ ಹುಡುಗ ಹುಡುಗಿಯರೇ, ಈ ಕೆಲಸ ನಿಮ್ಮದು. ನಿಮ್ಮೂರ ಕೇರಿಯ ಹಿರಿಯ ಅಜ್ಜಿಯ ಹತ್ತಿರ ಹೋಗಿ ಕೂರಿ. ಇಲ್ಲಿ ಹೆರಿಗೆ ಮಾಡಿಸ್ತಿದ್ದವರು ಯಾರಜ್ಜಿ, ಯಾರಿಂದ ಕಲಿತರು, ಏನು ಕೊಡ್ತಿದ್ದರು, ಎಲ್ಲಿ ನಿಲ್ಲಿಸಿ ಕೊಡ್ತಿದ್ದರು ಅಂತ ಕೇಳಿ. ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಹೆಸರು ಬಿಡಬೇಡಿ. ಆ ಅಜ್ಜಿಯರು ದಿನಕ್ಕೊಬ್ಬರಂತೆ ಹೋಗ್ತಾ ಇದ್ದಾರೆ.